ಪಾಠ ಬಿಟ್ಟು ಪೂರ್ತಿ ಕ್ಯಾಮೆರಾ ಹಿಡಿಯಲೆ?

ಪ್ರಶ್ನೆ: ಪತ್ರಿಕೋದ್ಯಮದಲ್ಲಿ ಎಂ.ಎ. ಮಾಡಿ, ಮೂರು ವರ್ಷದಿಂದ ಪದವಿ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿಯಾಗಿದ್ದೇನೆ. ನಮ್ಮೂರ ಕೆರೆಯ ಮೇಲೆ ಇಪ್ಪತ್ತು ನಿಮಿಷದ ಸಾಕ್ಷ್ಯಚಿತ್ರ ಮಾಡಿದ್ದೇನೆ. ಆಗಾಗ ಲೇಖನಗಳನ್ನೂ ಬರೆಯುತ್ತೇನೆ. ‘ಎರಡು ದೋಣಿಯಲ್ಲಿ ಕಾಲಿಟ್ಟವರೇ ದಡ ಸೇರಲ್ಲ, ನೀನು ಮೂರರಲ್ಲಿ ಇಟ್ಟಿದ್ದೀಯ’ ಎಂದು ಅಣ್ಣ ಬೈಯುತ್ತಾನೆ. ಪಾಠ ಬಿಟ್ಟು ಪೂರ್ತಿ ಚಿತ್ರಕ್ಕೇ ಇಳಿಯಲೆ?
— ಓದುಗರು, ಹಾವೇರಿ

ಉತ್ತರ: ಬಿಡಬೇಡಿ. ದುಡ್ಡಿನ ಮಾತು ಆಮೇಲೆ ಆಡೋಣ, ಮೊದಲು ನನಗಾದದ್ದನ್ನು ಕೇಳಿ.

ಚಳ್ಳಕೆರೆ ಕಡೆಯ ಒಂದು ಹಟ್ಟಿಯಲ್ಲಿ ಕಂಬಳಿ ನೇಯುವವರ ಚಿತ್ರ ಮಾಡುತ್ತಿದ್ದೆ. ಅಜ್ಜಿಯೊಬ್ಬರು ಹಾಸಿನ ನೂಲಿಗೆ ಹುಣಸೆ ಬೀಜದ ಗಂಜಿ ಸವರುತ್ತಾ, ‘ಯಜಮಾನ್ರು ಹೋದ್ಮೇಲೆ ಮಗ್ಗ ಬಿಚ್ಚಿಟ್ಟಿದ್ವಿ. ಆಮ್ಯಾಕೆ...’ ಎಂದು ನಿಂತರು. ಕೈ ಮಾತ್ರ ನೂಲಿನ ಮೇಲೆ ಓಡುತ್ತಲೇ ಇತ್ತು. ಆ ಎರಡು ಸೆಕೆಂಡಿನ ಮೌನ ನನ್ನಿಂದ ತಡೆಯಲಾಗಲಿಲ್ಲ. ‘ಒಂದು ಕಂಬಳಿಗೆ ಎಷ್ಟು ಸಿಗುತ್ತೆ ಅಜ್ಜಿ?’ ಎಂದುಬಿಟ್ಟೆ. ಅವರು ಬೆಲೆ ಹೇಳಿದರು. ಚಿತ್ರ ಮುಗಿಯಿತು, ನಾಲ್ಕು ಕಡೆ ಪ್ರದರ್ಶನವೂ ಆಯಿತು.

ಎರಡು ವರ್ಷದ ಮೇಲೆ ತರಗತಿಯಲ್ಲಿ ಅದೇ ತುಣುಕು ಹಾಕಿದಾಗ ಹಿಂದಿನ ಬೆಂಚಿನ ಹುಡುಗಿಯೊಬ್ಬಳು, ‘ಸರ್, ಆಮೇಲೆ ಏನಾಯ್ತು ಅಂತ ಅವರು ಹೇಳೋಕೆ ಹೊರಟಿದ್ರಲ್ಲ?’ ಎಂದು ಕೇಳಿದಳು. ಎಡಿಟಿಂಗ್ ಟೇಬಲ್ ಮೇಲೆ ನೂರು ಸಲ ನೋಡಿದ್ದೆ, ಆ ‘ಆಮ್ಯಾಕೆ’ ನನ್ನ ಕಿವಿಗೆ ಬಿದ್ದಿರಲೇ ಇಲ್ಲ. ಆ ಭಾನುವಾರವೇ ಬಸ್ಸು ಹತ್ತಿದೆ. ಅಜ್ಜಿ ತೀರಿಕೊಂಡಿದ್ದರು. ಸೊಸೆ ಹೇಳಿದರು: ನೇಯುವವರು ಕಾಲು ಇಳಿಬಿಟ್ಟು ಕೂರುವ ಮಗ್ಗದ ಗುಂಡಿಯನ್ನು ಮನೆಯವರು ಮಣ್ಣು ಹಾಕಿ ಮುಚ್ಚಿದ್ದರಂತೆ. ಒಂದು ಬೆಳಗ್ಗೆ ಅಜ್ಜಿ ಯಾರಿಗೂ ಹೇಳದೆ ಗುದ್ದಲಿ ಹಿಡಿದು ಅದನ್ನು ತಾವೇ ತೋಡಿದರಂತೆ. ನನ್ನ ಚಿತ್ರದಲ್ಲಿ ಅದಿಲ್ಲ. ಅದನ್ನು ಬರಹವಾಗಿ ಬರೆದೆ, ಬೇರೆ ದಾರಿ ಉಳಿದಿರಲಿಲ್ಲ. ಪಾಠ ಮಾಡದೆ ಇದ್ದಿದ್ದರೆ ಆ ಪ್ರಶ್ನೆಯೇ ನನಗೆ ಸಿಗುತ್ತಿರಲಿಲ್ಲ.

ನಿಮ್ಮಣ್ಣನಿಗೆ ಸಾಕ್ಷ್ಯಚಿತ್ರಕಾರ ಡೇವಿಡ್ ಮ್ಯಾಕ್‌ಡೂಗಲ್ ಅವರ ವಿಷಯ ಹೇಳಿ. ಅಮೆರಿಕದಲ್ಲಿ ಹುಟ್ಟಿ ಆಸ್ಟ್ರೇಲಿಯಾದಲ್ಲಿ ನೆಲೆಸಿದವರು. ಉಗಾಂಡದ ಜಿಯೆ ಎಂಬ ದನಗಾಹಿ ಜನರ ಬಗ್ಗೆ ಅವರು ಮಾಡಿದ ‘ಟು ಲಿವ್ ವಿತ್ ಹರ್ಡ್ಸ್’ 1972ರಲ್ಲಿ ಹೊರಬಂತು. ಇಂಥ ಚಿತ್ರಗಳಲ್ಲಿ ಜನರ ಮಾತಿನ ಮೇಲೆ ನಿರೂಪಕನ ದನಿ ಹೇರುವುದೇ ರೂಢಿಯಾಗಿದ್ದ ಕಾಲ ಅದು. ಮ್ಯಾಕ್‌ಡೂಗಲ್ ಜಿಯೆ ಜನರ ಮಾತನ್ನು ಅವರ ಬಾಯಲ್ಲೇ ಬಿಟ್ಟು ಕೆಳಗೆ ಸಬ್‌ಟೈಟಲ್ ಕೊಟ್ಟರು. ಇಂದು ಸಾಮಾನ್ಯ ಎನಿಸುವ ಈ ಕೆಲಸದ ಹಿಂದಿರುವ ಮರ್ಯಾದೆ ದೊಡ್ಡದು ಎಂದು ನಾನು ನಂಬಿದ್ದೇನೆ. 1997ರಲ್ಲಿ ಡೆಹ್ರಾಡೂನ್‌ನ ಡೂನ್ ಶಾಲೆಗೆ ಸಣ್ಣ ವಿಡಿಯೊ ಕ್ಯಾಮೆರಾ ಹಿಡಿದು ಬಂದರು. ಅಲ್ಲಿಂದ ಐದು ಚಿತ್ರಗಳು ಹುಟ್ಟಿದವು. ಸಮವಸ್ತ್ರದ ಬಣ್ಣ, ಹಾಸ್ಟೆಲ್ಲಿನ ಕಟ್ಟಳೆ, ಹುಡುಗರ ಹಾವಭಾವ ಎಲ್ಲ ಸೇರಿ ಒಂದು ಶಾಲೆ ಹೇಗೆ ಮನುಷ್ಯರನ್ನು ರೂಪಿಸುತ್ತದೆ ಎಂದು ಚಿತ್ರ ಮಾಡುತ್ತಾ ಕಂಡದ್ದನ್ನು 2006ರ ‘ದಿ ಕಾರ್ಪೊರಿಯಲ್ ಇಮೇಜ್’ ಪುಸ್ತಕದಲ್ಲಿ ಬರೆದರು. ನಮ್ಮ ಗಡಿಯಾಚೆ, ಮದನಪಲ್ಲಿಯ ಹತ್ತಿರದ ರಿಷಿ ವ್ಯಾಲಿ ಶಾಲೆಯಲ್ಲೂ ಚಿತ್ರ ಮಾಡಿದ್ದಾರೆ. ಆಮೇಲೆ ಭಾರತದ ಬೇರೆ ಬೇರೆ ಕಡೆಯ ಮಕ್ಕಳ ಕೈಗೇ ಕ್ಯಾಮೆರಾ ಕೊಟ್ಟು, ನಿಮ್ಮ ಲೋಕವನ್ನು ನೀವೇ ತೋರಿಸಿ ಎಂದು ಕಲಿಸಿದರು. ಇದರಲ್ಲಿ ಎಲ್ಲಿ ಚಿತ್ರ ಮುಗಿದು ಎಲ್ಲಿ ಪಾಠ ಶುರುವಾಯಿತು, ನಿಮ್ಮಣ್ಣನೇ ಹೇಳಲಿ.

ಈಗ ದುಡ್ಡು. ಅತಿಥಿ ಉಪನ್ಯಾಸಕರ ಪಾಡು ನನಗೆ ಗೊತ್ತು. ನಾನೂ ಒಂದು ಕಾಲೇಜಿನಲ್ಲಿ ಐದು ತಿಂಗಳ ಗೌರವಧನಕ್ಕೆ ಕಾದವನು. ಆದರೂ ಆ ಹಣವಿದ್ದುದರಿಂದಲೇ ಒಪ್ಪದ ಪ್ರಚಾರ ಚಿತ್ರಗಳಿಗೆ ‘ಆಗಲ್ಲ’ ಎನ್ನಲು ನನಗೆ ಧೈರ್ಯ ಬಂತು. ಪರೀಕ್ಷೆ, ಮೌಲ್ಯಮಾಪನದ ದಿನಗಳಲ್ಲಿ ಎಡಿಟಿಂಗ್‌ಗೆ ಕೂರಬೇಡಿ, ಎರಡೂ ಕೆಡುತ್ತವೆ. ಶೂಟಿಂಗನ್ನು ರಜೆಗೆ ಇಟ್ಟುಕೊಳ್ಳಿ. ಚಿತ್ರೀಕರಣ ಮುಗಿಸಿ ಬಂದ ರಾತ್ರಿ ಎಷ್ಟೇ ದಣಿದಿದ್ದರೂ ಒಂದು ಪುಟ ಬರೆಯಿರಿ: ಯಾರು ಎಲ್ಲಿ ಕೂತಿದ್ದರು, ಕ್ಯಾಮೆರಾ ಆಫ್ ಮಾಡಿದ ಮೇಲೆ ಏನೆಂದರು. ನಿಮ್ಮ ಲೇಖನಗಳೂ ಮುಂದಿನ ಚಿತ್ರವೂ ಆ ನೋಟ್‌ಬುಕ್ಕಿನಿಂದಲೇ ಬರುತ್ತವೆ.

ಪ್ರಶ್ನೆ: ಮೊದಲ ಸಾಕ್ಷ್ಯಚಿತ್ರಕ್ಕೆ ಯಾವ ಕ್ಯಾಮೆರಾ ಕೊಳ್ಳಲಿ?
— ಓದುಗರು, ತುಮಕೂರು

ಉತ್ತರ: ಕೈಯಲ್ಲಿರುವ ಫೋನ್ ಸದ್ಯಕ್ಕೆ ಸಾಕು. ಇರುವ ದುಡ್ಡನ್ನು ಒಂದು ಒಳ್ಳೆಯ ಮೈಕ್‌ಗೂ ಹೆಡ್‌ಫೋನ್‌ಗೂ ಹಾಕಿ. ಮಸುಕಾದ ಚಿತ್ರವನ್ನು ಜನ ನೋಡುತ್ತಾರೆ, ಮಾತು ಕೇಳದಿದ್ದರೆ ಎದ್ದು ಹೋಗುತ್ತಾರೆ. ಸಂದರ್ಶನ ಮುಗಿದ ಮೇಲೆ ಎಲ್ಲರನ್ನೂ ಸುಮ್ಮನಿರಿಸಿ, ಆ ಜಾಗದ ಬರಿಯ ಸದ್ದನ್ನು ಒಂದು ನಿಮಿಷ ರೆಕಾರ್ಡ್ ಮಾಡಿಕೊಳ್ಳಿ. ಚಳ್ಳಕೆರೆಯ ಆ ಮನೆಯ ಒಂದು ನಿಮಿಷ ನನ್ನ ಹತ್ತಿರ ಈಗಲೂ ಇದೆ: ದೂರದಲ್ಲಿ ಕುರಿಮರಿಯ ಕೂಗು, ಹತ್ತಿರದಲ್ಲಿ ನೂಲಿನ ಮೇಲೆ ಕುಂಚ ಎಳೆದ ಸದ್ದು.