ಸೇವೆಗೆ ಹಣ ಕೇಳಲು ನಾಚಿಕೆ ಆಗುತ್ತದೆ, ಎಲ್ಲಿಂದ ಶುರು ಮಾಡಲಿ?

ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ಬ್ಯಾಡಗಿ ಹತ್ತಿರದ ಹಳ್ಳಿಯವರು, ಬೈಬಲ್ ಕಾಲೇಜು ಮುಗಿಸಿದ್ದೀರಿ. ಧಾರವಾಡದಲ್ಲಿ ಕಾಲೇಜು ಹುಡುಗರ ನಡುವೆ ಸೇವೆ ಮಾಡಲು ಒಂದು ಸಂಸ್ಥೆ ಕರೆದಿದೆ. ಆದರೆ ತಿಂಗಳಿಗೆ 22,000 ರೂಪಾಯಿ ಬೆಂಬಲವನ್ನು ನೀವೇ ಹುಡುಕಿಕೊಳ್ಳಬೇಕು. ಅಪ್ಪ "ಇಷ್ಟು ಓದಿ ಮಂದಿ ಮುಂದ ಕೈ ಒಡ್ತೀಯೇನು?" ಅಂದರು. ಧೈರ್ಯ ಹೇಳಿದ್ದು ನಿಮ್ಮ ಹಳೆಯ ಸಂಡೇ ಸ್ಕೂಲ್ ಟೀಚರ್ ಒಬ್ಬರೇ.

ನಾನು ಗದಗ ಪಕ್ಕದ ಬೆಟಗೇರಿಯವನು. ಹನ್ನೊಂದು ವರ್ಷದಿಂದ ಮಕ್ಕಳ ನಡುವೆ ಸೇವೆ ಮಾಡುತ್ತಿದ್ದೇನೆ. ನನ್ನ ಮನೆ ನಡೆಯುವುದು ಇಂಥ ಬೆಂಬಲದಿಂದಲೇ. ನಮ್ಮಪ್ಪನೂ ಇದೇ ಮಾತು ಅಂದಿದ್ದರು. ಅದಕ್ಕೇ ಉತ್ತರ ಸ್ವಲ್ಪ ಉದ್ದ ಆಗುತ್ತದೆ.

ಮೊದಲು ನಾಚಿಕೆಯ ಮಾತು. ಬೈಬಲಿನ ಅಪೊಸ್ತಲ ಪೌಲ ಕೊರಿಂಥದಲ್ಲಿ ಡೇರೆ ಹೊಲಿದು ಹೊಟ್ಟೆ ಹೊರೆದ, ನಿಜ. ಅದೇ ಪೌಲ ಫಿಲಿಪ್ಪಿಯವರು ಕಳಿಸಿದ ಸಹಾಯವನ್ನು ತೆಗೆದುಕೊಂಡು ಕೃತಜ್ಞತೆಯಿಂದ ಪತ್ರವನ್ನೂ ಬರೆದ. ಯೇಸುಸ್ವಾಮಿ ಊರೂರು ಸುತ್ತುವಾಗ ತಮ್ಮ ಆಸ್ತಿಯಿಂದ ಖರ್ಚು ನೋಡಿಕೊಂಡ ಹೆಂಗಸರ ಹೆಸರು ಲೂಕನ ಸುವಾರ್ತೆಯ ಎಂಟನೇ ಅಧ್ಯಾಯದಲ್ಲಿದೆ. ನಮ್ಮ ಗದಗನ್ನೇ ನೋಡಿ. ವೀರೇಶ್ವರ ಪುಣ್ಯಾಶ್ರಮದಲ್ಲಿ ಎಷ್ಟು ಅಂಧ ಮಕ್ಕಳು ಉಂಡು, ಸಂಗೀತ ಕಲಿತು ದೊಡ್ಡವರಾದರು. ಅದು ನಡೆದದ್ದು ಆಶ್ರಮದ ನಾಟಕ ಕಂಪನಿಯ ದುಡಿಮೆಯಿಂದ, ಭಕ್ತರು ಕೊಟ್ಟ ದಾನದಿಂದ, ಪುಟ್ಟರಾಜ ಗವಾಯಿಗಳ ತುಲಾಭಾರಗಳಿಂದ. ಅವರು ಜೋಳಿಗೆ ಹಿಡಿದರು ಅಂತ ಇಲ್ಲಿ ಯಾರೂ ಅವರನ್ನು ಕಡಿಮೆ ಮಾಡಿ ನೋಡಲಿಲ್ಲ. ನಮ್ಮ ಜನಕ್ಕೆ ಕೊಡುವುದು ಗೊತ್ತು. ಕೊಟ್ಟದ್ದು ಎಲ್ಲಿ ಹೋಯಿತು ಅಂತ ತಿಳಿಯದಿದ್ದಾಗ ಮಾತ್ರ ಕೈ ಹಿಂದೆ ಎಳೆಯುತ್ತಾರೆ.

ನಾನು ಮೊದಲ ವರ್ಷ ಮಾಡಿದ ತಪ್ಪು ಇದು. ಒಂದು ಸಂದೇಶ ಬರೆದು ವಾಟ್ಸಾಪ್‌ನಲ್ಲಿ 140 ಜನಕ್ಕೆ ಕಳಿಸಿದೆ. ಉತ್ತರ ಕೊಟ್ಟವರು ಮೂವರು. ಆಮೇಲೆ ಒಬ್ಬ ಹಿರಿಯರು ನನ್ನನ್ನು ಕೂರಿಸಿಕೊಂಡು, "ಮದುವೆ ಪತ್ರಿಕೆ ಆದರೂ ಮನೆಗೆ ಹೋಗಿ ಕೊಡ್ತೀವಲ್ಲ, ಇದನ್ನ ಹಂಗ ಕಳಿಸಿದಿಯಲ್ಲ" ಅಂದರು. ಅಂದಿನಿಂದ ಮನೆಮನೆಗೆ ಹೋಗಲು ಶುರು ಮಾಡಿದೆ.

ಹೋಗುವ ಮೊದಲು ಲೆಕ್ಕ ಹಾಕಿಕೊಳ್ಳಿ. 22,000 ಅಂದರೆ ಬೆಟ್ಟದ ಹಾಗೆ ಕಾಣುತ್ತದೆ, ಅಲ್ವಾ? ಒಡೆದು ನೋಡಿ. ಎಂಟು ಜನ ಸಾವಿರ ಕೊಟ್ಟರೆ 8,000. ಹನ್ನೆರಡು ಜನ 500 ಕೊಟ್ಟರೆ 6,000. ಮೂವತ್ತು ಜನ 200 ಕೊಟ್ಟರೆ ಇನ್ನೊಂದು 6,000. ನಿಮ್ಮ ಸಭೆ (ಚರ್ಚ್) 2,000 ಹಾಕಿದರೆ ಮುಗಿಯಿತು. ನನ್ನ ಅನುಭವದಲ್ಲಿ ಮೂರು ಮನೆಗೆ ಹೋದರೆ ಒಂದು ಮನೆ ಒಪ್ಪುತ್ತದೆ. ಹಾಗಾಗಿ 150 ಹೆಸರು ಬರೆದುಕೊಳ್ಳಿ. ನೆಂಟರು, ಸಭೆಯವರು, ಜೊತೆಗೆ ಓದಿದವರು, ಅಪ್ಪನ ಗೆಳೆಯರು ಎಲ್ಲರೂ ಇರಲಿ. "ಇವರು ಕೊಡೋದಿಲ್ಲ ಬಿಡು" ಅಂತ ನೀವೇ ಯಾರ ಹೆಸರನ್ನೂ ಹೊಡೆಯಬೇಡಿ.

ಯಾರನ್ನು ಯಾವಾಗ ಕೇಳಬೇಕು ಅನ್ನುವುದೂ ಮುಖ್ಯ. ಹುಬ್ಬಳ್ಳಿಯ ರೈಲ್ವೆಯವರು, ಟೀಚರುಗಳು, ನರ್ಸುಗಳು ಸಂಬಳದ ಮಂದಿ. ಅವರಿಗೆ ತಿಂಗಳ ಮೊದಲ ವಾರ ಅನುಕೂಲ. ನಿಮ್ಮ ಊರಿನವರು ಒಕ್ಕಲುತನದವರು. ಅವರಿಗೆ ತಿಂಗಳ ಲೆಕ್ಕ ಹೊಂದುವುದಿಲ್ಲ. ಮೆಣಸಿನಕಾಯಿ ಬ್ಯಾಡಗಿ ಮಾರ್ಕೆಟ್ಟಿಗೆ ಹೋಗಿ ದುಡ್ಡು ಕೈಗೆ ಬಂದ ಮೇಲೆ ವರ್ಷಕ್ಕೊಮ್ಮೆ ಕೊಡಿ ಅಂತ ಕೇಳಿ. ಜೋಳದ ಚೀಲ ಕೊಡುತ್ತೇನೆ ಅಂದವರಿಗೂ ಸಂತೋಷವಾಗಿ ಹೂಂ ಅನ್ನಿ. ಮಿಜೋರಾಂ ಸಭೆಗಳಲ್ಲಿ 1910ರಿಂದಲೂ ಅಡುಗೆಗೆ ಅಕ್ಕಿ ಅಳೆಯುವಾಗಲೆಲ್ಲ ಒಂದು ಹಿಡಿ ದೇವರ ಕೆಲಸಕ್ಕೆ ತೆಗೆದಿಡುತ್ತಾರೆ. ಆ ಹಿಡಿ ಅಕ್ಕಿ ಮಾರಿದ ಹಣದಿಂದ ಎಷ್ಟೋ ಸೇವಕರ ಖರ್ಚು ನಡೆದಿದೆ.

ಮನೆಗೆ ಹೋದಾಗ ಸುತ್ತುಬಳಸಿ ಮಾತಾಡಬೇಡಿ. ಏನು ಕೆಲಸ, ಯಾಕೆ ಅಂತ ಹತ್ತು ನಿಮಿಷದಲ್ಲಿ ಹೇಳಿ. ಆಮೇಲೆ "ತಿಂಗಳಿಗೆ 500 ರೂಪಾಯಿ ನಿಮ್ಮಿಂದ ಆಗುತ್ತದಾ?" ಅಂತ ನೇರ ಕೇಳಿ ಸುಮ್ಮನಿರಿ. ಆ ಸುಮ್ಮನಿರುವುದೇ ಕಷ್ಟ. ನಾನು ಎಷ್ಟೋ ಸಲ ಅವರು ಬಾಯಿ ತೆಗೆಯುವ ಮೊದಲೇ "ಇಲ್ಲಾಂದ್ರೂ ಪರವಾಗಿಲ್ಲ" ಅಂದುಬಿಡುತ್ತಿದ್ದೆ. ಹಾಗೆ ಅಂದರೆ, ಕೊಡಬೇಕು ಅಂದುಕೊಂಡವರೂ ಹಿಂದೆ ಸರಿಯುತ್ತಾರೆ. ಇಲ್ಲ ಅಂದರೆ ಚಹಾ ಕುಡಿದು, ಅವರ ಮನೆಗಾಗಿ ಪ್ರಾರ್ಥನೆ ಮಾಡಿ ಬನ್ನಿ. ಮುಖ ಸಪ್ಪೆ ಮಾಡಬೇಡಿ. ನನಗೆ ಇಲ್ಲ ಅಂದ ಒಬ್ಬರು ನಾಲ್ಕು ವರ್ಷ ಆದ ಮೇಲೆ ತಾವೇ ಫೋನ್ ಮಾಡಿದರು.

ನಮ್ಮ ಓಣಿಯಲ್ಲಿ ಒಬ್ಬ ಅಜ್ಜಿ ಇದ್ದಾರೆ. ಮಗ್ಗದ ಮನೆಯವರು, ಈಗಲೂ ನೂಲಿನ ಕಂಡಿಕೆ ಸುತ್ತುತ್ತಾರೆ. ಅವರ ಹತ್ತಿರ ಕೇಳುವುದು ಸರಿಯಲ್ಲ ಅಂತ ನಾನು ಹೆಸರೇ ಬರೆದಿರಲಿಲ್ಲ. ಒಂದು ದಿನ ಅವರೇ ಕರೆದರು. ಸೊಂಟದ ಎಲೆ-ಅಡಿಕೆ ಚೀಲ ಬಿಚ್ಚಿ, ಮಡಿಸಿ ಮಡಿಸಿ ಚಿಕ್ಕದಾಗಿದ್ದ ಐವತ್ತರ ಒಂದು ನೋಟು ತೆಗೆದರು. ಅದನ್ನು ತೊಡೆಯ ಮೇಲಿಟ್ಟು ಅಂಗೈಯಿಂದ ನೀವಿ ನೇರ ಮಾಡಿ ಕೊಟ್ಟರು. ನಾನು ಜೇಬಿಗೆ ಹಾಕಿಕೊಳ್ಳುವಾಗ ಕೇಳಿದರು: "ನನ್ನ ಹೆಸರು ಬರಕೊಂಡೀ ಇಲ್ಲೋ?" ನನ್ನ ಹತ್ತಿರ ಪುಸ್ತಕವೇ ಇರಲಿಲ್ಲ. ಅವತ್ತು ಸಂಜೆಯೇ ಒಂದು ರಿಜಿಸ್ಟರ್ ತಂದೆ. ಅದರಲ್ಲಿ ಮೊದಲ ಹೆಸರು ಅವರದೇ.

ಲೆಕ್ಕದ ವಿಷಯ ಬಂತು. ಸೇವೆಯ ದುಡ್ಡು ನಿಮ್ಮ ಸ್ವಂತ ಖಾತೆಗೆ ಬರುವುದು ಬೇಡ, ಸಂಸ್ಥೆಯ ಖಾತೆಗೆ ಹೋಗಲಿ. ಅಲ್ಲಿಂದ ನಿಮಗೆ ಗೌರವಧನ ಬರಲಿ. ನಾನು ಎರಡು ವರ್ಷ ಮನೆ ದುಡ್ಡು, ಸೇವೆ ದುಡ್ಡು ಒಂದೇ ಖಾತೆಯಲ್ಲಿ ಇಟ್ಟುಕೊಂಡೆ. ಒಬ್ಬರು ಪ್ರೀತಿಯಿಂದಲೇ ಲೆಕ್ಕ ಕೇಳಿದಾಗ ಸರಿಯಾಗಿ ತೋರಿಸಲು ಆಗಲಿಲ್ಲ. ಅವರು ಕೊಡುವುದನ್ನು ನಿಲ್ಲಿಸಿದರು. ತಪ್ಪು ನನ್ನದೇ. ಇನ್ನೊಂದು ವಿಷಯ, ನೆಂಟರಲ್ಲದವರಿಂದ ವರ್ಷಕ್ಕೆ ಒಟ್ಟು 50,000 ರೂಪಾಯಿಗಿಂತ ಜಾಸ್ತಿ ಉಡುಗೊರೆ ಬಂದರೆ ಅದನ್ನು ಆದಾಯ ಅಂತ ಲೆಕ್ಕ ಹಿಡಿದು ತೆರಿಗೆ ಹಾಕುತ್ತಾರೆ. ತೆರಿಗೆ ರಿಯಾಯಿತಿ ಸಿಗುತ್ತದೆ ಅಂತ ಯಾರಿಗೂ ಸುಮ್ನೆ ಭರವಸೆ ಕೊಡಬೇಡಿ. ಒಂದೇ ಧರ್ಮದವರಿಗಾಗಿ ಇರುವ ಸಂಸ್ಥೆಗೆ, ದಾನಿಗೆ ತೆರಿಗೆ ರಿಯಾಯಿತಿ ಕೊಡಿಸುವ ಮಾನ್ಯತೆ (80ಜಿ ಅಂತ ಕರೆಯುತ್ತಾರೆ) ಸಿಗುವುದಿಲ್ಲ. 80ಜಿ ಇದ್ದ ಸಂಸ್ಥೆಗೂ 2,000 ರೂಪಾಯಿಗಿಂತ ಹೆಚ್ಚು ನಗದು ಕೊಟ್ಟರೆ ಅದಕ್ಕೆ ರಿಯಾಯಿತಿ ಇಲ್ಲ.

ಹೊರದೇಶದ ಗೆಳೆಯರು ಕಳಿಸುತ್ತೇನೆ ಅಂದರೆ ಇನ್ನೂ ಹುಷಾರಾಗಿರಿ. ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ಕಾಯ್ದೆಯ) ಅನುಮತಿ ಇಲ್ಲದೆ ಆ ಹಣವನ್ನು ಸೇವೆಗೆ ತೆಗೆದುಕೊಳ್ಳುವ ಹಾಗಿಲ್ಲ. 2020ರ ತಿದ್ದುಪಡಿ ಆದ ಮೇಲೆ ಅದು ಮೊದಲು ದೆಹಲಿಯ ಎಸ್‌ಬಿಐ ಮುಖ್ಯ ಶಾಖೆಯ ಖಾತೆಗೇ ಬರಬೇಕು. ಅಲ್ಲಿ ತೆಗೆದುಕೊಂಡ ಸಂಸ್ಥೆ ಅದನ್ನು ಬೇರೆ ಸಂಸ್ಥೆಗೆ ದಾಟಿಸುವಂತೆಯೂ ಇಲ್ಲ. ನನ್ನ ಅಭಿಪ್ರಾಯ ಕೇಳಿದರೆ, ನಿಮ್ಮ ಮೊದಲ ಐವತ್ತು ಜನ ಇಲ್ಲಿಯವರೇ ಆಗಲಿ. ನಮ್ಮ ಕಡೆ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ 1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ, 1841ರಲ್ಲಿ ಬೆಟಗೇರಿಗೆ ಬಂತು. ಅವರಿಗೆ ದುಡ್ಡು ಎಲ್ಲಿಂದ ಬರುತ್ತಿತ್ತು ಗೊತ್ತಾ? ಬಾಸೆಲ್ ಕಡೆ 1855ರಿಂದ ಸಾಮಾನ್ಯ ಜನ ವಾರಕ್ಕೊಂದು ಚಿಲ್ಲರೆ ಕಾಸು ಕೂಡಿಸಿ ಕೊಡುತ್ತಿದ್ದರು. ಅಂಥ ಚಿಲ್ಲರೆ ಕಾಸಿನ ಋಣ ನಮ್ಮ ಮೇಲಿದೆ. ಧಾರವಾಡದ ಹುಡುಗರ ಸೇವೆಗೆ ಈಗ ಧಾರವಾಡ, ಹಾವೇರಿ, ಗದಗಿನವರು ಕೊಡಬೇಕಾದದ್ದು ನ್ಯಾಯ.

"ಜಾರ್ಜ್ ಮುಲ್ಲರ್ ದೇವರಿಗೆ ಬಿಟ್ಟು ಯಾರಿಗೂ ಕೇಳಲಿಲ್ಲ, ನೀನ್ಯಾಕೆ ಕೇಳ್ತೀಯ?" ಅಂತ ನಿಮಗೂ ಯಾರಾದರೂ ಹೇಳುತ್ತಾರೆ. ಬ್ರಿಸ್ಟಲ್‌ನಲ್ಲಿ ಅನಾಥಾಶ್ರಮ ನಡೆಸಿದ ಆ ದೈವಭಕ್ತರ ಮೇಲೆ ನನಗೆ ಬಹಳ ಗೌರವ. ಆದರೆ ಅವರೂ ವರ್ಷ ವರ್ಷ ವರದಿ ಅಚ್ಚು ಹಾಕಿಸಿ ಬಂದದ್ದು, ಖರ್ಚಾದದ್ದು ತಿಳಿಸುತ್ತಿದ್ದರು. ನೀವು ಎರಡು ತಿಂಗಳಿಗೊಮ್ಮೆ ಒಂದು ಪುಟದ ಪ್ರಾರ್ಥನಾ ಪತ್ರ ಕಳಿಸಿ. ಕೆಲಸ ಸಾಗದ ತಿಂಗಳಲ್ಲೂ ಕಳಿಸಿ, ಸಾಗಲಿಲ್ಲ ಅಂತಲೇ ಬರೆಯಿರಿ. ಆ ಪತ್ರ ಓದಲು ಬಾರದವರಿಗೆ ಹೋಗಿ ಹೇಳಿ ಬನ್ನಿ. ನಮ್ಮ ಅಜ್ಜಿಗೆ ನಾನು ಈಗಲೂ ರಿಜಿಸ್ಟರ್ ತೆಗೆದುಕೊಂಡು ಹೋಗಿ ಅವರ ಹೆಸರಿನ ಸಾಲು ಬೆರಳಿಟ್ಟು ತೋರಿಸುತ್ತೇನೆ.

ಎಲ್ಲಿಂದ ಶುರು ಮಾಡಲಿ ಅಂದಿರಿ. ನಾಳೆ ನಿಮ್ಮ ಸಭಾಪಾಲಕರ ಹತ್ತಿರ ಕೂತು ವಿಷಯ ಹೇಳಿ. ಅವರಿಗೆ ಗೊತ್ತಿಲ್ಲದೆ ಸಭೆಯ ಯಾವ ಮನೆಗೂ ಹೋಗಬೇಡಿ. ಆಮೇಲೆ ಅಪ್ಪನಿಗೆ ಈ 8, 12, 30ರ ಲೆಕ್ಕ ಬರೆದು ತೋರಿಸಿ, ಅವರೂ ನೋಡಲಿ. ಭಾನುವಾರ ಆರಾಧನೆ ಮುಗಿದ ಮೇಲೆ ಒಂದು ಹೊಸ ರಿಜಿಸ್ಟರ್ ಹಿಡಿದುಕೊಂಡು ಆ ಸಂಡೇ ಸ್ಕೂಲ್ ಟೀಚರ್ ಮನೆಗೆ ಹೋಗಿ. ಅವರು ಎಷ್ಟೇ ಕೊಡಲಿ, ಅವರ ಎದುರಿಗೇ ಹೆಸರು ಬರೆದುಕೊಳ್ಳಿ.