ಕಾಲೇಜು ಬಾಸ್ಕೆಟ್‌ಬಾಲ್: ಹಳೆಯ ಹುಲಿಗಳು ಸೊರಗಿದ್ದೇಕೆ?

ಪ್ರಶ್ನೆ: ಅಮೆರಿಕದ ಕಾಲೇಜು ಬಾಸ್ಕೆಟ್‌ಬಾಲ್‌ನಲ್ಲಿ ಯುಸಿಎಲ್‌ಎ (ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ) ಹನ್ನೆರಡು ವರ್ಷದಲ್ಲಿ ಹತ್ತು ಸಲ ಚಾಂಪಿಯನ್ ಆಗಿತ್ತು. ಆಮೇಲೆ 1995ರಲ್ಲಿ ಒಮ್ಮೆ ಗೆದ್ದದ್ದು ಬಿಟ್ಟರೆ ಸುದ್ದಿಯೇ ಇಲ್ಲ. ಕೋಚ್ ಜಾನ್ ವುಡನ್ ನಿವೃತ್ತರಾದದ್ದೇ ಕಾರಣವೇ? (ಮೈಸೂರಿನ ಓದುಗರು)

ಉತ್ತರ: ಅದು ಅರ್ಧ ಕಾರಣ. ಉಳಿದರ್ಧ ನಿಯಮಗಳಲ್ಲಿದೆ, ಅದನ್ನು ಯಾರೂ ಹೇಳುವುದಿಲ್ಲ.

ಯುಸಿಎಲ್‌ಎ ಗೆದ್ದದ್ದು 1964ರಿಂದ 1975ರ ನಡುವೆ. ಅದರಲ್ಲಿ 1967ರಿಂದ 1973ರವರೆಗೆ ಸತತ ಏಳು. ಆಗ ಎನ್‌ಸಿಎಎ (ಅಮೆರಿಕದ ಕಾಲೇಜು ಕ್ರೀಡೆಗಳ ಸಂಸ್ಥೆ) ನಡೆಸುವ ಚಾಂಪಿಯನ್‌ಷಿಪ್ ಟೂರ್ನಿಗೆ ಬರುತ್ತಿದ್ದದ್ದು 22ರಿಂದ 25 ತಂಡ. ಒಂದು ಲೀಗಿನಿಂದ ಒಂದೇ ತಂಡ. ಬಲಿಷ್ಠ ಲೀಗಿನಲ್ಲಿ ಎರಡನೆಯ ಸ್ಥಾನಕ್ಕೆ ನಿಂತವರು, ಎಷ್ಟೇ ಚೆನ್ನಾಗಿ ಆಡಿದ್ದರೂ, ಮನೆಗೆ ಹೋಗಬೇಕಿತ್ತು. ತಂಡಗಳನ್ನು ಭೂಗೋಳದ ಪ್ರಕಾರ ಹಂಚುತ್ತಿದ್ದರು. ಯುಸಿಎಲ್‌ಎ ಪಶ್ಚಿಮ ವಲಯದಲ್ಲೇ ಆಡುತ್ತಿತ್ತು. ಮೊದಲ ಸುತ್ತಿಗೆ ಬೈ (ಆಡದೆಯೇ ಮುಂದಿನ ಸುತ್ತು), ನಂತರ ನಾಲ್ಕು ಪಂದ್ಯ ಗೆದ್ದರೆ ಕಪ್. 1973ರಲ್ಲಂತೂ ಆ ವಲಯದ ಪಂದ್ಯಗಳು ನಡೆದದ್ದು ಯುಸಿಎಲ್‌ಎಯ ಸ್ವಂತ ಅಂಗಳವಾದ ಪಾಲಿ ಪೆವಿಲಿಯನ್‌ನಲ್ಲಿ!

1975ರಲ್ಲಿ ತಂಡಗಳ ಸಂಖ್ಯೆ 32ಕ್ಕೆ ಏರಿತು, ಲೀಗಿನ ಎರಡನೆಯ ತಂಡಕ್ಕೂ ಬಾಗಿಲು ತೆರೆಯಿತು. 1985ರಲ್ಲಿ 64 ತಂಡ, ಕಪ್‌ಗೆ ಆರು ಪಂದ್ಯ. ಲೆಕ್ಕ ಹಾಕಿ ನೋಡಿ. ಪ್ರತಿ ಪಂದ್ಯ ಗೆಲ್ಲುವ ಸಾಧ್ಯತೆ ಶೇ. 90 ಇರುವ ತಂಡಕ್ಕೆ ನಾಲ್ಕು ಪಂದ್ಯದ ಟೂರ್ನಿ ಗೆಲ್ಲುವ ಸಾಧ್ಯತೆ ಸುಮಾರು ಶೇ. 66, ಆರು ಪಂದ್ಯವಾದರೆ ಶೇ. 53. ಶೇ. 80ರ ತಂಡವಾದರೆ 41ರಿಂದ 26ಕ್ಕೆ ಇಳಿಯುತ್ತದೆ. ತಂಡ ಒಂದಿಷ್ಟೂ ಕೆಡದೆಯೇ ಕಪ್ ಕೈತಪ್ಪುತ್ತದೆ. ಎದುರಾಳಿಗಳೂ ಗಟ್ಟಿಯಾದರು ಅನ್ನುವುದು ಇದರ ಮೇಲಿನ ಮಾತು.

ಇನ್ನೊಂದು ನಿಯಮ ಮೊದಲ ವರ್ಷದ ವಿದ್ಯಾರ್ಥಿಗಳದ್ದು. 1972ರವರೆಗೆ ಅವರು ಕಾಲೇಜಿನ ಮುಖ್ಯ ತಂಡದಲ್ಲಿ ಆಡುವಂತಿರಲಿಲ್ಲ. 1965ರಲ್ಲಿ ಲ್ಯೂ ಆಲ್ಸಿಂಡರ್ (ಮುಂದೆ ಕರೀಂ ಅಬ್ದುಲ್ ಜಬ್ಬಾರ್) ಇದ್ದ ಹೊಸಬರ ತಂಡ, ಹಾಲಿ ಚಾಂಪಿಯನ್ ಆಗಿದ್ದ ಯುಸಿಎಲ್‌ಎ ಮುಖ್ಯ ತಂಡವನ್ನೇ 75–60ರಿಂದ ಸೋಲಿಸಿತು. ಆದರೂ ಆತ ವರ್ಷವಿಡೀ ಕಾಯಬೇಕಾಯಿತು. ಎಲ್ಲಿ ಸೇರಿದರೂ ಕಾಯಲೇಬೇಕು ಅಂದಮೇಲೆ ದೊಡ್ಡ ಹೆಸರಿನ ಕಾಲೇಜಿನಲ್ಲೇ ಕಾಯೋಣ ಅನ್ನುವುದು ಹುಡುಗರ ಲೆಕ್ಕಾಚಾರವಾಗಿತ್ತು. ನಿಯಮ ಹೋದಮೇಲೆ ಬೇರೆ ಕಾಲೇಜು ಮೊದಲ ದಿನದಿಂದಲೇ ಅಂಗಳಕ್ಕೆ ಇಳಿಸುತ್ತೇನೆ ಎಂದು ಕರೆಯಬಹುದಾಯಿತು.

ವುಡನ್ ನಂತರ ಬಂದ ಜೀನ್ ಬಾರ್ಟೊ ಎರಡು ವರ್ಷದಲ್ಲಿ 52 ಗೆದ್ದು 9 ಸೋತರು. ಗ್ಯಾರಿ ಕನ್ನಿಂಗ್‌ಹ್ಯಾಮ್ ಎರಡು ವರ್ಷದಲ್ಲಿ 50 ಗೆದ್ದು 8 ಸೋತರು. ಇಬ್ಬರೂ ಅಷ್ಟಕ್ಕೇ ಜಾಗ ಬಿಟ್ಟರು. ಇಂಥ ಫಲಿತಾಂಶವೂ ಸಾಲದೆನಿಸುವ ಕಡೆ ಯಾವ ಕೋಚ್ ತಾನೆ ನೆಲೆ ನಿಂತಾನು?

ಪ್ರಶ್ನೆ: ಮಗ ಬ್ಲೂಮಿಂಗ್ಟನ್‌ನ ಇಂಡಿಯಾನಾ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದಾನೆ. ಅಲ್ಲಿ ಇಂದಿಗೂ ಬಾಬ್ ನೈಟ್ ಹೆಸರು ಹೇಳಿ ನಿಟ್ಟುಸಿರು ಬಿಡುತ್ತಾರಂತೆ. ಏನು ಕಥೆ? (ಹುಬ್ಬಳ್ಳಿಯ ಓದುಗರು)

ಉತ್ತರ: ಅಲ್ಲಿ ಕೋಚ್ ಆಗಿದ್ದ ನೈಟ್ ಮೂರು ಕಪ್ ತಂದರು: 1976, 1981, 1987. 1976ರ ತಂಡ 32 ಪಂದ್ಯ ಆಡಿ ಒಂದನ್ನೂ ಸೋಲಲಿಲ್ಲ. 2000ರ ಸೆಪ್ಟೆಂಬರ್‌ನಲ್ಲಿ ಅವರನ್ನು ವಜಾ ಮಾಡಿದರು. 2002ರಲ್ಲಿ ತಂಡ ಫೈನಲ್‌ವರೆಗೆ ಹೋಯಿತು, ಅಷ್ಟೇ.

ನಿಜವಾದ ಪೆಟ್ಟು ಬಿದ್ದದ್ದು 2008ರಲ್ಲಿ. ಆಟಗಾರರನ್ನು ಸೆಳೆಯಲು ಮಿತಿ ಮೀರಿ ಫೋನ್ ಮಾಡಿದ ಪ್ರಕರಣದಲ್ಲಿ ಕೋಚ್ ಕೆಲ್ವಿನ್ ಸ್ಯಾಂಪ್ಸನ್ ಹೊರನಡೆದರು. ಹಿಂದೆಯೇ ತಂಡವೂ ಖಾಲಿಯಾಯಿತು. ಹೊಸ ಕೋಚ್ ಟಾಮ್ ಕ್ರೀನ್ ಮೊದಲ ವರ್ಷ ಗೆದ್ದದ್ದು 6, ಸೋತದ್ದು 25. ಕೋಚ್ ಬದಲಾದಾಗಲೆಲ್ಲ ಆಗುವುದು ಇದೇ: ಹಳೆಯ ಕೋಚ್ ಕರೆತಂದ ಆಟಗಾರರು ಹೊರಡುತ್ತಾರೆ, ಸೇರಲು ಒಪ್ಪಿದ್ದ ಶಾಲಾ ಹುಡುಗರು ಮಾತು ಹಿಂತೆಗೆದುಕೊಳ್ಳುತ್ತಾರೆ, ಮತ್ತೆ ಕಟ್ಟಲು ಮೂರು ನಾಲ್ಕು ವರ್ಷ ಬೇಕು. ಅಷ್ಟರಲ್ಲಿ ಅಭಿಮಾನಿಗಳ ತಾಳ್ಮೆ ಮುಗಿದಿರುತ್ತದೆ.

ಅದೇ ಸ್ಯಾಂಪ್ಸನ್ 2014ರಲ್ಲಿ ಹ್ಯೂಸ್ಟನ್ ವಿಶ್ವವಿದ್ಯಾಲಯಕ್ಕೆ ಕೋಚ್ ಆಗಿ ಹೋದರು. ಆಟಗಾರ ಹಕೀಂ ಒಲಾಜುವನ್ ಕಾಲದಲ್ಲಿ ಮೆರೆದು, 1984ರ ನಂತರ ಎನ್‌ಸಿಎಎಯಲ್ಲಿ ಒಂದು ಪಂದ್ಯವನ್ನೂ ಗೆಲ್ಲದಿದ್ದ ತಂಡ ಅದು. 2018ರಲ್ಲಿ ಆ ಬರ ನೀಗಿತು. 2025ರ ಫೈನಲ್‌ನಲ್ಲಿ ಫ್ಲೋರಿಡಾ ಎದುರು 65–63ರಿಂದ ಸೋತರು. ಅಂದಹಾಗೆ, ಫೋನ್ ಕರೆಗಳ ಮೇಲಿನ ಆ ಮಿತಿಯನ್ನು ಎನ್‌ಸಿಎಎ 2012ರಲ್ಲಿ ತಾನೇ ಬಹುಪಾಲು ಸಡಿಲಿಸಿತು.

ಪ್ರಶ್ನೆ: ದೊಡ್ಡ ಹೆಸರಿನ ಕಾಲೇಜು ತಂಡವನ್ನೇ ಮುಚ್ಚಿದ್ದುಂಟೇ? (ಶಿವಮೊಗ್ಗದ ಓದುಗರು)

ಉತ್ತರ: ಉಂಟು. ಬಿಲ್ ರಸೆಲ್ ಆಡಿದ ಸ್ಯಾನ್ ಫ್ರಾನ್ಸಿಸ್ಕೋ ವಿಶ್ವವಿದ್ಯಾಲಯ 1955, 1956ರಲ್ಲಿ ಚಾಂಪಿಯನ್. ಸತತ 60 ಪಂದ್ಯ ಗೆದ್ದಿತ್ತು. ಮೇಲಿಂದ ಮೇಲೆ ನಿಯಮ ಮುರಿದು ಸಿಕ್ಕಿಬಿದ್ದಾಗ 1982ರಲ್ಲಿ ವಿಶ್ವವಿದ್ಯಾಲಯದ ಅಧ್ಯಕ್ಷರೇ ತಂಡವನ್ನು ಮುಚ್ಚಿದರು. 1985ರಲ್ಲಿ ಮತ್ತೆ ಶುರುವಾಯಿತು.

ಪ್ರಶ್ನೆ: ಈಗ ಆಟಗಾರರಿಗೆ ದುಡ್ಡು ಸಿಗುತ್ತಿರುವುದರಿಂದಲೇ ಹಳೆಯ ತಂಡಗಳು ಹಾಳಾಗುತ್ತಿವೆಯೇ? (ಬೆಂಗಳೂರಿನ ಓದುಗರು)

ಉತ್ತರ: ದುಡ್ಡಿಗಿಂತ ಹೆಚ್ಚಾಗಿ ಓಡಾಟ. 2021ರಲ್ಲಿ ಎರಡೂ ಒಟ್ಟಿಗೆ ಬಂದವು: ಜಾಹೀರಾತಿನಿಂದ ಸಂಪಾದಿಸಲು ಅನುಮತಿ, ಒಂದು ವರ್ಷ ಕೂರದೆ ಕಾಲೇಜು ಬದಲಿಸಲು ಅನುಮತಿ. ವಿಲನೋವಾ ವಿಶ್ವವಿದ್ಯಾಲಯ ನೋಡಿ. ಕೋಚ್ ಜೇ ರೈಟ್ 2016, 2018ರಲ್ಲಿ ಕಪ್ ತಂದದ್ದು ಮೂರು ನಾಲ್ಕು ವರ್ಷ ಒಂದೇ ಕಡೆ ಪಳಗಿದ ಹುಡುಗರಿಂದ. ಅವರು 2022ರಲ್ಲಿ ನಿವೃತ್ತರಾದರು. ನಂತರದ ಮೂರು ವರ್ಷ ತಂಡಕ್ಕೆ ಎನ್‌ಸಿಎಎ ಟೂರ್ನಿಯ ಬಾಗಿಲೇ ತೆರೆಯಲಿಲ್ಲ.

ಆದರೆ ಯುಕಾನ್ (ಕನೆಕ್ಟಿಕಟ್ ವಿಶ್ವವಿದ್ಯಾಲಯ) ಇದೇ ನಿಯಮಗಳಡಿ 2023, 2024 ಎರಡೂ ವರ್ಷ ಗೆದ್ದಿತು. ಅದು ಬಿದ್ದದ್ದು ಈ ನಿಯಮಗಳಿಗೂ ಮೊದಲು: 2013ರಲ್ಲಿ ಹಳೆಯ ಬಿಗ್ ಈಸ್ಟ್ ಲೀಗ್ ಒಡೆದು, ಹಳೆಯ ಎದುರಾಳಿಗಳಿಲ್ಲದ ಲೀಗಿನಲ್ಲಿ ಉಳಿಯಿತು. 2014ರಲ್ಲಿ ಕಪ್ ಗೆದ್ದರೂ 2018ರ ಹೊತ್ತಿಗೆ 14 ಗೆಲುವು, 18 ಸೋಲು. ಡ್ಯಾನ್ ಹರ್ಲಿ ಕೋಚ್ ಆಗಿ ಬಂದರು, 2020ರಲ್ಲಿ ತಂಡ ಬಿಗ್ ಈಸ್ಟ್‌ಗೆ ಮರಳಿತು. ನನ್ನ ಪ್ರಕಾರ ಲೀಗ್ ಬದಲಾವಣೆಯ ಪೆಟ್ಟನ್ನು ಜನ ಕಡಿಮೆ ಅಂದಾಜು ಮಾಡುತ್ತಾರೆ.

ಪ್ರಶ್ನೆ: ಮಗಳು ಬಾಸ್ಕೆಟ್‌ಬಾಲ್ ಆಡುತ್ತಾಳೆ; ಅಮೆರಿಕದ ಕಾಲೇಜಿಗೆ ಪ್ರಯತ್ನಿಸುತ್ತಿದ್ದೇವೆ. ಹಳೆಯ ಹೆಸರು ನೋಡಿ ಆರಿಸಬಹುದೇ? (ಮಂಗಳೂರಿನ ಓದುಗರು)

ಉತ್ತರ: ಬೇಡ. ಲೂಸಿಯಾನಾ ಟೆಕ್ ಮಹಿಳೆಯರು 1982, 1988ರಲ್ಲಿ ಚಾಂಪಿಯನ್. ಟೆನೆಸಿ ಎಂಟು ಸಲ, ಕೊನೆಯದು 2008ರಲ್ಲಿ. ಆ ಫೋಟೊಗಳು ಗೋಡೆಯ ಮೇಲಿರುತ್ತವೆ, ನಿಮ್ಮ ಮಗಳಿಗೆ ಆಡುವ ನಿಮಿಷ ಕೊಡುವುದಿಲ್ಲ. ಕೋಚ್ ಕರೆ ಮಾಡಿದಾಗ ನೇರವಾಗಿ ಕೇಳಿ: ನಿಮ್ಮ ಗುತ್ತಿಗೆ ಎಷ್ಟು ವರ್ಷಕ್ಕಿದೆ? ಅವಳ ಜಾಗದಲ್ಲಿ ಆಡುವವರು ಎಷ್ಟು ಮಂದಿ, ಅವರಲ್ಲಿ ಯಾರು ಈ ವರ್ಷ ಓದು ಮುಗಿಸುತ್ತಾರೆ? ಕಳೆದ ವರ್ಷ ಎಷ್ಟು ಜನ ಬಿಟ್ಟುಹೋದರು? ವಿದ್ಯಾರ್ಥಿವೇತನ ಒಂದು ವರ್ಷಕ್ಕೋ, ನಾಲ್ಕಕ್ಕೋ? ಉತ್ತರ ಲಿಖಿತವಾಗಿ ಬರಲಿ.

ಮೊದಲ ದರ್ಜೆಯ ಡಿವಿಷನ್‌ಗೆ ಎನ್‌ಸಿಎಎ ಅರ್ಹತಾ ಕೇಂದ್ರದಲ್ಲಿ ನೋಂದಣಿ ಕಡ್ಡಾಯ. ಹೈಸ್ಕೂಲು ಹಂತದಿಂದಲೇ ಅಂಕಪಟ್ಟಿಗಳನ್ನು ಕೇಳುತ್ತಾರೆ, ಆದ್ದರಿಂದ ಎಂಟನೇ ತರಗತಿಯ ನಂತರದ ಒಂದು ಹಾಳೆಯನ್ನೂ ಕಳೆಯಬೇಡಿ. ಇನ್ನೊಂದು: ವಿದ್ಯಾರ್ಥಿ ವೀಸಾದಲ್ಲಿ ದುಡಿಮೆಗೆ ಬಿಗಿ ನಿರ್ಬಂಧವಿದೆ. ಸಹಪಾಠಿಗಳು ಜಾಹೀರಾತು ಒಪ್ಪಂದ ಮಾಡಿಕೊಂಡರೆಂದು ಇವಳೂ ಸಹಿ ಹಾಕಿದರೆ ವೀಸಾಕ್ಕೇ ಸಂಚಕಾರ ಬರಬಹುದು. ಕಾಲೇಜಿನ ವಿದೇಶಿ ವಿದ್ಯಾರ್ಥಿಗಳ ಕಚೇರಿಯನ್ನು ಕೇಳದೆ ಯಾವ ಕಾಗದಕ್ಕೂ ಸಹಿ ಬೇಡ.