ನುಂಗುವ ತೊಂದರೆ: ಮುದ್ದೆ, ಮಾತ್ರೆ, ಊದುವ ಸಾಧನ

ಪ್ರಶ್ನೆ: ತಂದೆಗೆ 71 ವರ್ಷ, ಪಾರ್ಕಿನ್ಸನ್ ಶುರುವಾಗಿ ಏಳು ವರ್ಷ. ನೀರು ಕುಡಿದಾಗಲೆಲ್ಲ ನೆತ್ತಿಗೆ ಹತ್ತುತ್ತದೆ. ರಾಗಿ ಮುದ್ದೆ ಮಾತ್ರ ಸಲೀಸಾಗಿ ಇಳಿಯುತ್ತದೆ ಎನ್ನುತ್ತಾರೆ. ಮುದ್ದೆ ಮುಂದುವರಿಸಬಹುದೇ? ನೀರು ಮಂದ ಮಾಡುವ ಪುಡಿ ತರಿಸಬೇಕೇ?
— ಓದುಗರು, ತುಮಕೂರು ಜಿಲ್ಲೆ

ಉತ್ತರ: ಮೊದಲು ಅವರು ಲೋಟ ಹಿಡಿಯುವ ರೀತಿ ನೋಡಿ. ನಮ್ಮ ಹಿರಿಯರಲ್ಲಿ ಅನೇಕರು ಲೋಟ ಕಚ್ಚುವುದಿಲ್ಲ, ತಲೆ ಹಿಂದಕ್ಕೆ ಹಾಕಿ ಎತ್ತಿ ಕುಡಿಯುತ್ತಾರೆ. ಪಾರ್ಕಿನ್ಸನ್‌ನಲ್ಲಿ ನುಂಗುವ ಕ್ರಿಯೆ ತಡವಾಗಿ ಶುರುವಾಗುತ್ತದೆ. ಉಸಿರಿನ ದಾರಿ ಮುಚ್ಚುವ ಮೊದಲೇ ನೀರು ಅಲ್ಲಿಗೆ ಮುಟ್ಟಿರುತ್ತದೆ. ಎಂಜಲಾದರೂ ಚಿಂತೆಯಿಲ್ಲ, ಕಚ್ಚಿಯೇ ಕುಡಿಯಲಿ. ಬಾಯಿ ಅಗಲವಾದ ಲೋಟವಾದರೆ ತಲೆ ಎತ್ತಬೇಕಾಗುವುದಿಲ್ಲ. ಒಂದು ಗುಟುಕು ಎಂದರೆ ಒಂದು ಟೀ ಚಮಚ, ಸುಮಾರು 5 ಮಿ.ಲೀ. ಬೆನ್ನು ನೇರ, ಪಾದ ನೆಲಕ್ಕೆ ಊರಿ ಕುರ್ಚಿಯಲ್ಲಿ ಕೂರಲಿ. ಊಟವಾದ ಮೇಲೆ ಅರ್ಧ ಗಂಟೆ ಮಲಗುವುದು ಬೇಡ. ಗದ್ದ ಎದೆಯತ್ತ ಬಾಗಿಸಿ ನುಂಗುವುದು ಕೆಲವರಿಗೆ ಒಳ್ಳೆಯದು, ಎಲ್ಲರಿಗೂ ಅಲ್ಲ. ನುಂಗುವ ತೊಂದರೆ ನೋಡುವ ಥೆರಪಿಸ್ಟ್ ಪರೀಕ್ಷಿಸಿ ಹೇಳಿದರಷ್ಟೇ ಮಾಡಿಸಿ.

ಇನ್ನು ಮುದ್ದೆ. ಅದನ್ನು ಅಗಿಯುವುದಿಲ್ಲ, ಸಾರಿನಲ್ಲಿ ಅದ್ದಿ ನುಂಗುತ್ತೇವೆ. ಆ ಅಂಟು ಉಂಡೆಯನ್ನು ಹಿಂದಕ್ಕೆ ತಳ್ಳಬೇಕಾದ ನಾಲಿಗೆಯ ಬುಡ ಈ ಕಾಯಿಲೆಯಲ್ಲಿ ಬಲ ಕಳೆದುಕೊಳ್ಳುತ್ತದೆ. ಒಂದಿಷ್ಟು ನಾಲಿಗೆ ಬುಡದ ಗುಳಿಯಲ್ಲೇ ಉಳಿದು, ಆಮೇಲೆ ಮೆಲ್ಲಗೆ ಶ್ವಾಸನಾಳಕ್ಕೆ ಜಾರಬಹುದು. ಗಂಟಲಿನ ಸಂವೇದನೆಯೂ ಕುಗ್ಗಿರುವುದರಿಂದ ಅವರಿಗೆ ಅದು ಗೊತ್ತಾಗದೇ ಹೋಗಬಹುದು. ಹಾಗಾಗಿ ‘ಸಲೀಸಾಗಿ ಇಳಿಯುತ್ತದೆ’ ಎಂಬ ಮಾತನ್ನು ಪೂರ್ತಿ ನಂಬಬೇಡಿ. ಉಂಡ ಮೇಲೆ ‘ಆ...’ ಎನ್ನಿಸಿ ನೋಡಿ. ದನಿ ಗೊರಗೊರ ಎಂದರೆ ಏನೋ ಉಳಿದಿದೆ. ಕೆಮ್ಮಿಸಿ, ಬರಿದೇ ಇನ್ನೊಮ್ಮೆ ನುಂಗಿಸಿ. ನುಂಗುವ ಪರೀಕ್ಷೆ (ಕೆಳಗೆ ಹೇಳಿದ್ದೇವೆ) ಆಗುವವರೆಗೆ ಮುದ್ದೆ ನಿಲ್ಲಿಸಿ, ಗಂಟಿಲ್ಲದೆ ಬೇಯಿಸಿದ ಮಂದ ರಾಗಿ ಗಂಜಿ ಕೊಡಿ. ಮಂಡಕ್ಕಿ, ಕಡಲೆಕಾಯಿ, ಕೋಸಂಬರಿಯೂ ಬೇಡ. ತಿಳಿಸಾರು ಅನ್ನ ನೋಡಲು ಮೆತ್ತಗೆ, ಆದರೆ ಮೋಸದ ಆಹಾರ: ಅನ್ನ ಅಗಿಯುತ್ತಿರುವಾಗಲೇ ಸಾರು ಗಂಟಲಿಗೆ ಹರಿದುಬಿಡುತ್ತದೆ. ಅನ್ನಕ್ಕೆ ಗಟ್ಟಿ ಬೇಳೆ ಹಾಕಿ ಚೆನ್ನಾಗಿ ಕಿವುಚಿ ಕೊಡಿ.

ಪುಡಿಯನ್ನು ನೀವಾಗಿಯೇ ಶುರು ಮಾಡಬೇಡಿ. ಮಂದ ನೀರು ಶ್ವಾಸನಾಳಕ್ಕೆ ಹೋಗುವುದು ಕಡಿಮೆ, ನಿಜ. ಆದರೆ ರುಚಿಸದೆ ಜನ ನೀರನ್ನೇ ಕಡಿಮೆ ಮಾಡುತ್ತಾರೆ. ಮೊದಲೇ ಇರುವ ಮಲಬದ್ಧತೆ ಹೆಚ್ಚುತ್ತದೆ. ಪುಡಿ ಬೇಕೆಂದಾದರೆ ಎಷ್ಟು ಮಂದ ಎಂಬುದನ್ನು ಕಣ್ಣಳತೆಗೆ ಬಿಡಬೇಡಿ. ಸೂಜಿ ತೆಗೆದ 10 ಮಿ.ಲೀ. ಸಿರಿಂಜ್‌ನ (0ಯಿಂದ 10ರ ಗೆರೆಗೆ 61.5 ಮಿ.ಮೀ. ಇರಬೇಕು) ಹಿಡಿ ಹೊರಗೆಳೆದು, ಮೂತಿಗೆ ಬೆರಳಿಟ್ಟು, ಪುಡಿ ಬೆರೆಸಿದ ನೀರನ್ನು 10ರವರೆಗೆ ತುಂಬಿ. ಬೆರಳು ತೆಗೆದು ಸರಿಯಾಗಿ 10 ಸೆಕೆಂಡ್‌ಗೆ ಮತ್ತೆ ಮುಚ್ಚಿ. ಮಂದದ ಅಂತರರಾಷ್ಟ್ರೀಯ ಅಳತೆಯಲ್ಲಿ (ಐಡಿಡಿಎಸ್‌ಐ) ಮಟ್ಟ ಹೆಚ್ಚಿದಷ್ಟೂ ನೀರು ಮಂದ: ಉಳಿದದ್ದು 1ರಿಂದ 4 ಮಿ.ಲೀ. ಇದ್ದರೆ ಮಟ್ಟ 1, 4ರಿಂದ 8 ಇದ್ದರೆ ಮಟ್ಟ 2, ಅದಕ್ಕೂ ಹೆಚ್ಚು ಉಳಿದು ಒಂದಿಷ್ಟಾದರೂ ಹರಿದಿದ್ದರೆ ಮಟ್ಟ 3. ಪಿಷ್ಟದ ಪುಡಿ ಜೊಲ್ಲು ಬೆರೆತರೆ ತೆಳುವಾಗುತ್ತದೆ; ಕ್ಸಾಂಥನ್ ಗಮ್ ಎಂಬ ಅಂಟಿನ ಪುಡಿ ಹಾಗಾಗುವುದಿಲ್ಲ.

ಪರೀಕ್ಷೆ ಎಂದೆವಲ್ಲ, ಅದು ಬೇರಿಯಂ ಬೆರೆಸಿದ ಆಹಾರ ನುಂಗಿಸಿ ತೆಗೆಯುವ ಎಕ್ಸ್‌ರೇ ವಿಡಿಯೊ, ಇಲ್ಲವೇ ಮೂಗಿನಿಂದ ಸಣ್ಣ ಕ್ಯಾಮೆರಾ ಇಳಿಸಿ ನೋಡುವುದು. ಕೆಮ್ಮೇ ಬರದೆ ಶ್ವಾಸಕೋಶಕ್ಕೆ ಆಹಾರ ಸೇರುವುದು ಈ ಕಾಯಿಲೆಯಲ್ಲಿ ಅಪರೂಪವಲ್ಲ, ಹೊರಗಿನಿಂದ ನೋಡಿ ಅದನ್ನು ಹಿಡಿಯಲಾಗದು. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಾಗಲಿ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಾಗಲಿ ವಿಚಾರಿಸಿ.

ಪ್ರಶ್ನೆ: ಅಮ್ಮನಿಗೆ ಪಾರ್ಕಿನ್ಸನ್‌ಗೆ ಕೊಡುವ ಲೆವೊಡೋಪಾ ಮಾತ್ರೆ ಗಂಟಲಲ್ಲೇ ನಿಲ್ಲುತ್ತದೆ. ಪುಡಿ ಮಾಡಿ ಹಾಲಲ್ಲಿ ಕೊಡುತ್ತಿದ್ದೇವೆ. ಸರಿಯೇ?
— ಓದುಗರು, ಶಿರಸಿ

ಉತ್ತರ: ಹಾಲು ಬೇಡ. ಅದರ ಪ್ರೋಟೀನು ಕರುಳಿನಲ್ಲಿ ಲೆವೊಡೋಪಾ ಜೊತೆ ಪೈಪೋಟಿಗೆ ನಿಲ್ಲುತ್ತದೆ. ಮಾತ್ರೆಯ ಹೆಸರಿನ ಪಕ್ಕ ‘ಸಿಆರ್’ ಎಂದಿದ್ದರೆ ಪುಡಿ ಮಾಡಲೇಬಾರದು. ನಿಧಾನವಾಗಿ ಬಿಡುಗಡೆಯಾಗಬೇಕಾದ ಔಷಧಿ ಒಮ್ಮೆಲೇ ಮೈಗೇರುತ್ತದೆ. ಸಾದಾ ಮಾತ್ರೆಯಾದರೆ ನುಣ್ಣಗೆ ಕಿವುಚಿದ ಬಾಳೆಹಣ್ಣಿನ ಒಂದು ಚಮಚದಲ್ಲಿಟ್ಟು ಇಡಿಯಾಗಿ ಕೊಟ್ಟು ನೋಡಿ. ಊಟಕ್ಕೆ ಅರ್ಧ ಗಂಟೆಯಿಂದ ಒಂದು ಗಂಟೆ ಮೊದಲು ಕೊಟ್ಟರೆ, ಮಾತ್ರೆ ಕೆಲಸ ಮಾಡುವ ಹೊತ್ತಿಗೆ ಊಟ ಬರುತ್ತದೆ. ಕೆಲವರಿಗೆ ನುಂಗುವುದೂ ಆಗ ಸುಲಭ. ಮಾತ್ರೆ ಇಳಿಯುವುದೇ ನಿಂತರೆ ಅದೇ ದಿನ ವೈದ್ಯರಿಗೆ ತಿಳಿಸಿ. ಹಠಾತ್ತನೆ ನಿಲ್ಲಿಸಿದರೆ ವಿಪರೀತ ಜ್ವರ, ಮೈ ಸೆಟೆದುಕೊಳ್ಳುವುದು, ಮಂಕು ಬಡಿಯುವುದು ಆಗಬಹುದು, ಜೀವಕ್ಕೂ ಅಪಾಯ.

ಪ್ರಶ್ನೆ: ಊದುವ ವ್ಯಾಯಾಮದಿಂದ ನುಂಗುವುದು ಸುಧಾರಿಸುತ್ತದಂತೆ. ಮೆಡಿಕಲ್ ಶಾಪ್‌ನಲ್ಲಿ ಸಿಗುವ ಮೂರು ಚೆಂಡಿನ ಸಾಧನ ಸಾಕೇ?
— ಓದುಗರು, ಉಡುಪಿ

ಉತ್ತರ: ಸಾಕಾಗದು. ಅದು ಉಸಿರು ಎಳೆದುಕೊಳ್ಳುವ ಸಾಧನ. ನಿಮಗೆ ಬೇಕಾದದ್ದು ಉಸಿರನ್ನು ಒತ್ತಿ ಹೊರಹಾಕುವ ಸಾಧನ. ಅದರ ಕವಾಟಕ್ಕೆ ಸ್ಪ್ರಿಂಗ್ ಇರುತ್ತದೆ, ಸಾಕಷ್ಟು ಜೋರಾಗಿ ಊದಿದರಷ್ಟೇ ತೆರೆಯುತ್ತದೆ. ವ್ಯಕ್ತಿಯ ಗರಿಷ್ಠ ಬಲವನ್ನು ಅಳೆದು ಅದರ ಸುಮಾರು 75 ಶೇಕಡಾಕ್ಕೆ ಥೆರಪಿಸ್ಟ್ ಹೊಂದಿಸುತ್ತಾರೆ. ಸಾಮಾನ್ಯ ಕ್ರಮ: ಐದು ಬಾರಿ ಊದಿ ಬಿಡುವು, ಹೀಗೆ ಐದು ಸುತ್ತು, ವಾರಕ್ಕೆ ಐದು ದಿನ, ನಾಲ್ಕೈದು ವಾರ. ಕೆಮ್ಮು ಬಲಗೊಳ್ಳುತ್ತದೆ, ಗದ್ದದ ಕೆಳಗಿನ, ಧ್ವನಿಪೆಟ್ಟಿಗೆಯನ್ನು ಮೇಲೆತ್ತುವ ಸ್ನಾಯುಗಳೂ ಪಳಗುತ್ತವೆ. ಬಿಟ್ಟರೆ ಲಾಭ ಕರಗುತ್ತದೆ, ಆದ್ದರಿಂದ ಆಮೇಲೂ ಎಷ್ಟು ಮಾಡಬೇಕೆಂದು ಕೇಳಿಕೊಳ್ಳಿ. ಬಿಪಿ ಹತೋಟಿಯಲ್ಲಿಲ್ಲದವರು, ಹರ್ನಿಯಾ ಇರುವವರು, ಇತ್ತೀಚೆಗೆ ಕಣ್ಣು ಅಥವಾ ಹೊಟ್ಟೆಯ ಆಪರೇಷನ್ ಆದವರು ವೈದ್ಯರನ್ನು ಕೇಳದೆ ಊದಬಾರದು.

ಇದರ ಜೊತೆಗೆ ದಿನಕ್ಕೆರಡು ಸಲ ಹಲ್ಲು, ನಾಲಿಗೆ ತಿಕ್ಕಿಸಿ, ಕಟ್ಟಿಸಿದ ಹಲ್ಲಿನ ಸೆಟ್ಟನ್ನು ರಾತ್ರಿ ತೆಗೆದು ತೊಳೆದಿಡಿ. ಗಂಟಲಿಗೆ ಜಾರುವ ಜೊಲ್ಲಿನ ಜೊತೆ ಬಾಯಿಯ ಬ್ಯಾಕ್ಟೀರಿಯಾವೂ ಶ್ವಾಸಕೋಶ ಸೇರುತ್ತದೆ, ನ್ಯುಮೋನಿಯಾಕ್ಕೆ ಅದೂ ಕಾರಣ. ಜ್ವರ, ಹೊಸದಾಗಿ ಕಫ, ಏದುಸಿರು ಕಂಡರೆ ವ್ಯಾಯಾಮ ಬದಿಗಿಟ್ಟು ಆಸ್ಪತ್ರೆಗೆ ಹೋಗಿ.